ಐದು ನಿಮಿಷ ತಡವಾಗಿ ಬರುವ ಸರ್ವರ್

2019ರ ಜುಲೈ 10. ಮಳೆಯಿಂದಾಗಿ ಹಿಂದಿನ ದಿನ ಅರ್ಧಕ್ಕೆ ನಿಂತಿದ್ದ ವಿಶ್ವಕಪ್ ಕ್ರಿಕೆಟ್ ಸೆಮಿಫೈನಲ್ ಮ್ಯಾಂಚೆಸ್ಟರ್‌ನ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಮುಂದುವರಿದಿತ್ತು. ನ್ಯೂಜಿಲೆಂಡ್ ಒಡ್ಡಿದ್ದ 240 ರನ್‌ಗಳ ಗುರಿಯೆದುರು 92ಕ್ಕೆ 6 ವಿಕೆಟ್ ಕಳೆದುಕೊಂಡಿದ್ದ ಭಾರತಕ್ಕೆ ಧೋನಿ–ಜಡೇಜ ಜೋಡಿ ಮತ್ತೆ ಜೀವ ತುಂಬಿತ್ತು. ಆ ಹೊತ್ತಿನಲ್ಲಿ ಹಾಟ್‌ಸ್ಟಾರ್ ಆ್ಯಪ್‌ನಲ್ಲಿ ಏಕಕಾಲಕ್ಕೆ ಪಂದ್ಯ ನೋಡುತ್ತಿದ್ದವರ ಸಂಖ್ಯೆ 2.53 ಕೋಟಿ ಮುಟ್ಟಿತು. ಆಗ ಅದು ವಿಶ್ವದಾಖಲೆ. ಮಾರ್ಟಿನ್ ಗಪ್ಟಿಲ್ ಎಸೆದ ಚೆಂಡು ನೇರ ಸ್ಟಂಪ್‌ಗೆ ಬಡಿದು ಧೋನಿ ರನೌಟ್ ಆದರು. ಪಂದ್ಯ ಕೈತಪ್ಪುತ್ತಿದ್ದಂತೆ ನೋಡುಗರ ಸಂಖ್ಯೆ 10 ಲಕ್ಷಕ್ಕಿಂತ ಕೆಳಗೆ ಕುಸಿಯಿತು.

ಇಂಥ ಸೇವೆಗೆ ಎಷ್ಟು ಸರ್ವರ್ ಬೇಕು? ಎರಡೂವರೆ ಕೋಟಿ ಜನರಿಗೆ ಸಾಲುವಷ್ಟು ಯಂತ್ರಗಳನ್ನು ವರ್ಷವಿಡೀ ಓಡಿಸಿದರೆ ಬಾಡಿಗೆ ಕಟ್ಟಿಯೇ ಕಂಪನಿ ಮುಳುಗುತ್ತದೆ. ಮಾಮೂಲಿ ದಿನದ ಲೆಕ್ಕಕ್ಕೆ ಇಟ್ಟುಕೊಂಡರೆ ಪಂದ್ಯದ ದಿನ ಪರದೆ ಕಪ್ಪಾಗುತ್ತದೆ. ಬೇಡಿಕೆ ಏರಿದಾಗ ಯಂತ್ರಗಳನ್ನು ತಾನಾಗಿ ಸೇರಿಸಿಕೊಂಡು, ಇಳಿದಾಗ ಬಿಟ್ಟುಕೊಡುವ ಏರ್ಪಾಟೇ ಆಟೋ ಸ್ಕೇಲಿಂಗ್. ಅಮೆಜಾನ್ 2006ರಲ್ಲಿ ತನ್ನ ಸರ್ವರ್‌ಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿತು. 2009ರಲ್ಲಿ ಅದಕ್ಕೆ ಈ ಸೌಲಭ್ಯವನ್ನು ಜೋಡಿಸಿತು. ಇಂದು ಮೈಕ್ರೋಸಾಫ್ಟ್‌ನ ಅಜೂರ್, ಗೂಗಲ್ ಕ್ಲೌಡ್‌ಗಳಲ್ಲೂ ಇದು ಇದೆ.

ಹೊಂದಿಸುವ ಪುಟ ತೆರೆದರೆ ಕಾಣುವುದು ಕೆಲವೇ ಖಾನೆಗಳು. ಕನಿಷ್ಠ ಎಷ್ಟು ಸರ್ವರ್, ಗರಿಷ್ಠ ಎಷ್ಟು, ಯಾವ ಅಳತೆಯನ್ನು ಗಮನಿಸಬೇಕು, ಅದು ಎಷ್ಟು ದಾಟಿದರೆ ಸೇರಿಸಬೇಕು, ಎಷ್ಟಕ್ಕೆ ಇಳಿದರೆ ತೆಗೆಯಬೇಕು. ತುಂಬುವುದು ಸುಲಭ. ಆದರೆ ಈ ಪ್ರತಿಯೊಂದು ಅಂಕಿಯ ಹಿಂದೆಯೂ ಒಂದು ಕಾಲದ ಲೆಕ್ಕ ಅಡಗಿದೆ. ಅದು ತಪ್ಪಿದರೆ ಯಂತ್ರಗಳು ಎಷ್ಟಿದ್ದೂ ಪ್ರಯೋಜನವಿಲ್ಲ.

ಖಾಲಿ ಬಿಟ್ಟ ಜಾಗದ ಬೆಲೆ

ಬಳಕೆದಾರರ ಕೋರಿಕೆಗಳು ಮೊದಲು ಬರುವುದು ಲೋಡ್ ಬ್ಯಾಲೆನ್ಸರ್ ಎಂಬ ಬಾಗಿಲಿಗೆ. ಅದು ಅವನ್ನು ಒಂದೇ ರೀತಿಯ ಹಲವು ಸರ್ವರ್‌ಗಳಿಗೆ ಹಂಚುತ್ತದೆ. ಪಕ್ಕದಲ್ಲೇ ಒಂದು ನಿಯಂತ್ರಕ ಸರ್ವರ್‌ಗಳ ಮೇಲೆ ಕಣ್ಣಿಟ್ಟಿರುತ್ತದೆ. ಆ್ಯಪ್‌ಗಳನ್ನು ಹಲವು ಯಂತ್ರಗಳಲ್ಲಿ ಓಡಿಸಿ ನೋಡಿಕೊಳ್ಳಲು ಗೂಗಲ್ 2014ರಲ್ಲಿ ಹೊರತಂದ ಕುಬರ್ನೆಟಿಸ್ ತಂತ್ರಾಂಶದಲ್ಲಿ ಈ ನಿಯಂತ್ರಕ, ಬೇರೆ ಹೇಳದಿದ್ದರೆ, 15 ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತದೆ. ಲೆಕ್ಕ ಸರಳ. ಆ್ಯಪ್‌ನ 4 ಪ್ರತಿಗಳು ಓಡುತ್ತಿವೆ, ಸರಾಸರಿ ಸಿಪಿಯು ಬಳಕೆ ಶೇ 90, ನಾವು ಕೊಟ್ಟ ಗುರಿ ಶೇ 60 ಎಂದುಕೊಳ್ಳಿ. ನಾಲ್ಕನ್ನು 90ರಿಂದ ಗುಣಿಸಿ 60ರಿಂದ ಭಾಗಿಸಿದರೆ 6. ಹಾಗಾಗಿ ಇನ್ನೆರಡು ಪ್ರತಿಗಳು ಎದ್ದು ನಿಲ್ಲುತ್ತವೆ.

ಗುರಿ ಶೇ 60 ಏಕೆ? ಕೊಟ್ಟ ಬಾಡಿಗೆಗೆ ಶೇ 95ರಷ್ಟು ದುಡಿಸಿಕೊಳ್ಳಬಾರದೇ? ಉತ್ತರ ಕಂಪ್ಯೂಟರಿಗಿಂತ ಹಳೆಯದು. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಆಗ್ನರ್ ಎರ್ಲಾಂಗ್ 1909ರಲ್ಲಿ ಕರೆಗಳ ಬರುವಿಕೆಯನ್ನು ಗಣಿತಕ್ಕೆ ಅಳವಡಿಸಿ ಸರತಿ ಸಿದ್ಧಾಂತಕ್ಕೆ ಬುನಾದಿ ಹಾಕಿದರು. ಆ ಸಿದ್ಧಾಂತದ ಅತಿ ಸರಳ ಮಾದರಿಯಲ್ಲಿ ಒಂದೇ ಸರ್ವರ್, ಕೋರಿಕೆಗಳು ಹೇಗೆಂದರೆ ಹಾಗೆ ಬರುತ್ತವೆ. ಒಂದು ಕೆಲಸಕ್ಕೆ ಸರಾಸರಿ 100 ಮಿಲಿಸೆಕೆಂಡ್ ಬೇಕೆನ್ನಿ. ಸರ್ವರ್ ಅರ್ಧದಷ್ಟು ಹೊತ್ತು ದುಡಿಯುತ್ತಿದ್ದರೆ, ಕಾಯುವುದೂ ಸೇರಿ ಬಳಕೆದಾರನಿಗೆ ಉತ್ತರ ಸಿಗಲು 200 ಮಿಲಿಸೆಕೆಂಡ್. ದುಡಿಮೆ ಶೇ 80ಕ್ಕೆ ಏರಿದರೆ 500. ಶೇ 90ಕ್ಕೆ ಒಂದು ಸೆಕೆಂಡ್. ಶೇ 95ಕ್ಕೆ ಎರಡು ಸೆಕೆಂಡ್. ಶೇ 99ಕ್ಕೆ ಹತ್ತು! ಕೊನೆಯ ನಾಲ್ಕು ಅಂಶಗಳಲ್ಲಿ ಕಾಯುವಿಕೆ ಐದು ಪಟ್ಟಾಗುತ್ತದೆ. ಹಲವು ಸರ್ವರ್‌ಗಳು ಸರತಿಯನ್ನು ಹಂಚಿಕೊಂಡರೆ ಈ ಏರಿಕೆ ತುಸು ತಡವಾಗಿ ಶುರುವಾಗುತ್ತದೆ, ಆದರೆ ತಪ್ಪುವುದಿಲ್ಲ. ಶೇ 60 ಎಂದು ಬರೆದವರು ಉಳಿದ ಶೇ 40ನ್ನು ಸುಮ್ಮನೆ ಪೋಲು ಮಾಡಿಲ್ಲ. ಬಳಕೆದಾರರ ಸಮಯವನ್ನು ಅದರಿಂದ ಕೊಂಡಿದ್ದಾರೆ.

ಆ ಖಾಲಿ ಜಾಗಕ್ಕೆ ಇನ್ನೊಂದು ಕೆಲಸವೂ ಇದೆ. ಹೊಸ ಸರ್ವರ್ ಕರೆದ ಕೂಡಲೇ ಬರುವುದಿಲ್ಲ. ಬಳಕೆಯ ಅಂಕಿ ನಿಯಂತ್ರಕಕ್ಕೆ ತಲುಪಲು ಸಮಯ ಬೇಕು. ಅಮೆಜಾನ್ ಸರ್ವರ್‌ಗಳಲ್ಲಿ ಮಾಮೂಲಿ ಅಳತೆ 5 ನಿಮಿಷಕ್ಕೊಮ್ಮೆ, ಹೆಚ್ಚುವರಿ ಹಣ ಕೊಟ್ಟರೆ ನಿಮಿಷಕ್ಕೊಮ್ಮೆ. ಏರಿಕೆ ಕ್ಷಣಿಕವಲ್ಲ ಎಂದು ಖಚಿತವಾಗಲು ಒಂದೆರಡು ಅಳತೆ ಕಾಯಬೇಕು. ಆಮೇಲೆ ಯಂತ್ರ ಚಾಲೂ ಆಗಬೇಕು, ಆ್ಯಪ್ ಲೋಡ್ ಆಗಬೇಕು, ಅದು ಸರಿಯಾಗಿ ಉತ್ತರಿಸುತ್ತಿದೆಯೇ ಎಂದು ಲೋಡ್ ಬ್ಯಾಲೆನ್ಸರ್ ಪರೀಕ್ಷಿಸಬೇಕು. ನಿಮಿಷಕ್ಕೊಮ್ಮೆ ಅಳೆದರೂ ಎಲ್ಲ ಕೂಡಿ ನಾಲ್ಕೈದು ನಿಮಿಷ ಸಲೀಸಾಗಿ ಕಳೆಯುತ್ತದೆ. ಪಂಕ್ತಿ ಕೂತ ಮೇಲೆ ಅಕ್ಕಿ ತೊಳೆಯಲು ಹೊರಟಂತೆ. ಈ ನಿಮಿಷಗಳನ್ನು ಈಗಾಗಲೇ ಓಡುತ್ತಿರುವ ಸರ್ವರ್‌ಗಳ ಖಾಲಿ ಜಾಗವೇ ನಿಭಾಯಿಸಬೇಕು. ಬೇಡಿಕೆ ಎಷ್ಟು ಬೇಗ ಏರುತ್ತದೆ, ಯಂತ್ರ ಎಷ್ಟು ತಡವಾಗಿ ಬರುತ್ತದೆ ಎಂಬ ಎರಡನ್ನು ಗುಣಿಸಿದರೆ ಎಷ್ಟು ಖಾಲಿ ಇಡಬೇಕೆಂಬುದು ತಿಳಿಯುತ್ತದೆ.

ತೂಗಾಟದ ಕಾಯಿಲೆ

ಏರುವ ನಿಯಮ ಬರೆಯುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಎಡವುವುದು ಇಳಿಯುವ ನಿಯಮದಲ್ಲಿ. ಸಿಪಿಯು ಶೇ 60 ದಾಟಿದರೆ ಒಂದು ಸರ್ವರ್ ಸೇರಿಸು, ಶೇ 50ಕ್ಕಿಂತ ಇಳಿದರೆ ಒಂದು ತೆಗೆ ಎಂದು ಬರೆದಿದ್ದೇವೆ ಎನ್ನೋಣ. ಎರಡು ಸರ್ವರ್‌ಗಳು ತಲಾ ಶೇ 65ರಷ್ಟು ದುಡಿಯುತ್ತಿವೆ. ಮೂರನೆಯದು ಬಂತು, ಅದೇ ಹೊರೆ ಮೂವರಿಗೆ ಹಂಚಿ ತಲಾ ಶೇ 43 ಆಯಿತು. ಇದು 50ಕ್ಕಿಂತ ಕಡಿಮೆ, ಆದ್ದರಿಂದ ಒಂದು ಹೋಯಿತು. ಮತ್ತೆ ತಲಾ 65, ಮತ್ತೆ ಒಂದು ಬಂತು. ಹೊರಗೆ ಬೇಡಿಕೆ ಒಂದಿನಿತೂ ಬದಲಾಗದೆ ಯಂತ್ರಗಳು ರಾತ್ರಿಯಿಡೀ ಬಂದು ಹೋಗುತ್ತಿರುತ್ತವೆ.

ಈ ಕಾಯಿಲೆಯೂ ಹೊಸದಲ್ಲ. ಜೇಮ್ಸ್ ವಾಟ್ 1788ರಲ್ಲಿ ಹಬೆಯಂತ್ರಕ್ಕೆ ಜೋಡಿಸಿದ ಗವರ್ನರ್ ವೇಗ ಹೆಚ್ಚಿದಾಗ ಹಬೆಯನ್ನು ತಗ್ಗಿಸಿ, ಕಡಿಮೆಯಾದಾಗ ಹೆಚ್ಚಿಸುತ್ತಿತ್ತು. ಮುಂದೆ ಬಂದ ಎಷ್ಟೋ ಯಂತ್ರಗಳಲ್ಲಿ ಇದೇ ಬಗೆಯ ಗವರ್ನರ್ ವೇಗವನ್ನು ಸ್ಥಿರವಾಗಿ ನಿಲ್ಲಿಸುವ ಬದಲು ಮೇಲೆ ಕೆಳಗೆ ತೂಗಾಡಿಸಿತು. ವಿದ್ಯುತ್ಕಾಂತ ಸಮೀಕರಣಗಳಿಗೆ ಹೆಸರಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗವರ್ನರ್‌ಗಳ ಬಗ್ಗೆ ಪ್ರಬಂಧ ಬರೆದು, ಯಾವ ಸ್ಥಿತಿಯಲ್ಲಿ ಅವು ಸ್ಥಿರವಾಗಿ ನಿಲ್ಲುತ್ತವೆ ಎಂಬುದನ್ನು ಗಣಿತದಲ್ಲಿ ತೋರಿಸಿದರು. ನಿಯಂತ್ರಣ ಸಿದ್ಧಾಂತ ಅಲ್ಲಿಂದ ಬೆಳೆಯಿತು. ತಡವಾಗಿ ತಿಳಿದು, ಜೋರಾಗಿ ತಿದ್ದಲು ಹೋದರೆ ಯಾವ ವ್ಯವಸ್ಥೆಯಾದರೂ ತೂಗಾಡುತ್ತದೆ.

ಮದ್ದು ಎರಡು. ಮೊದಲನೆಯದು, ಏರುವ ಮತ್ತು ಇಳಿಯುವ ಗೆರೆಗಳ ನಡುವೆ ಅಂತರ ಬಿಡುವುದು. ಮೇಲಿನ ಉದಾಹರಣೆಯಲ್ಲಿ ಇಳಿಯುವ ಗೆರೆಯನ್ನು ಶೇ 30ಕ್ಕೆ ಎಳೆದರೆ, ಮೂರರಲ್ಲಿ ಒಂದು ಹೋದ ಮೇಲೂ ಉಳಿದೆರಡು ಶೇ 45ರಲ್ಲೇ ನಿಲ್ಲುತ್ತವೆ. ಅಜೂರ್‌ನ ನಿಯಂತ್ರಕ ಈ ಲೆಕ್ಕವನ್ನು ತಾನೇ ಮಾಡುತ್ತದೆ. ಒಂದನ್ನು ತೆಗೆದ ಕೂಡಲೇ ಮತ್ತೆ ಸೇರಿಸಬೇಕಾಗುತ್ತದೆ ಎಂದು ಕಂಡರೆ ತೆಗೆಯುವುದೇ ಇಲ್ಲ. ಎರಡನೆಯದು ತಾಳ್ಮೆ. ಕುಬರ್ನೆಟಿಸ್ ಇಳಿಸುವ ಮುನ್ನ ಹಿಂದಿನ 300 ಸೆಕೆಂಡ್‌ಗಳ ಲೆಕ್ಕವನ್ನು ನೋಡಿ, ಅದರಲ್ಲಿ ಅತಿ ಹೆಚ್ಚು ಪ್ರತಿ ಕೇಳಿದ ಲೆಕ್ಕವನ್ನೇ ಒಪ್ಪುತ್ತದೆ. ಏರುವಾಗ ಅವಸರ, ಇಳಿಯುವಾಗ ನಿಧಾನ: ಒಂದು ಸರ್ವರ್ ಐದು ನಿಮಿಷ ಸುಮ್ಮನೆ ಓಡಿದರೆ ಹೋಗುವುದು ಸ್ವಲ್ಪ ಹಣ, ಐದು ನಿಮಿಷ ಮುಂಚೆ ಹೋದರೆ ಕಳೆದುಕೊಳ್ಳುವುದು ಬಳಕೆದಾರರನ್ನು.

ತಪ್ಪು ಗಡಿಯಾರ ನೋಡಿದರೆ

ಸಿಪಿಯು ಎಲ್ಲ ಕಡೆಯೂ ನಂಬತಕ್ಕ ಅಳತೆಯಲ್ಲ. ಹಣ ಪಾವತಿ ಸೇವೆಯೊಂದಕ್ಕೆ ಸೆಕೆಂಡಿಗೆ 200 ಕೋರಿಕೆ ಬರುತ್ತಿದೆ, ಬ್ಯಾಂಕಿನಿಂದ ಉತ್ತರ ಬರಲು ಅರ್ಧ ಸೆಕೆಂಡ್ ಹಿಡಿಯುತ್ತದೆ ಎನ್ನಿ. ಯಾವುದೇ ಕ್ಷಣದಲ್ಲಿ ಒಳಗೆ ಕಾಯುತ್ತಿರುವ ಕೋರಿಕೆಗಳು ಸರಾಸರಿ 200ರ ಅರ್ಧ, ಅಂದರೆ 100. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇದು. ಈಗ ಬ್ಯಾಂಕಿನ ಕಡೆ ನಿಧಾನವಾಗಿ ಉತ್ತರಕ್ಕೆ 5 ಸೆಕೆಂಡ್ ಬೇಕಾಯಿತು. ಒಳಗಿರುವವರು 1,000. ಎಲ್ಲರೂ ಕಾಯುತ್ತಿರುವುದರಿಂದ ಸಿಪಿಯುಗೆ ಕೆಲಸವಿಲ್ಲ, ಬಳಕೆಯ ಅಂಕಿ ಇಳಿಯುತ್ತದೆ. ಸಿಪಿಯುವನ್ನೇ ನಂಬಿದ ನಿಯಂತ್ರಕ ಸರ್ವರ್‌ಗಳನ್ನು ತೆಗೆಯತೊಡಗುತ್ತದೆ! ಇಂಥಲ್ಲಿ ಸರತಿಯ ಉದ್ದವನ್ನೋ ಏಕಕಾಲದ ಕೋರಿಕೆಗಳ ಸಂಖ್ಯೆಯನ್ನೋ ಗಮನಿಸಬೇಕು.

ಸರ್ವರ್ ಸೇರಿಸಿದಷ್ಟೂ ಒಳ್ಳೆಯದು ಎಂಬುದೂ ಸುಳ್ಳು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇರೆ ಹೇಳದಿದ್ದರೆ ಒಮ್ಮೆಗೆ 100 ಸಂಪರ್ಕಗಳನ್ನು ಮಾತ್ರ ಒಪ್ಪುತ್ತದೆ. ಪ್ರತಿ ಸರ್ವರ್ 10 ಸಂಪರ್ಕ ಹಿಡಿದರೆ ಹತ್ತಕ್ಕೇ ಬಾಗಿಲು ಮುಚ್ಚಿತು. ಹನ್ನೊಂದನೆಯದು ಬಂದರೆ ಸಹಾಯಕ್ಕಿಂತ ತೊಂದರೆಯೇ ಜಾಸ್ತಿ. ಗರಿಷ್ಠ ಖಾನೆಯ ಅಂಕಿಯನ್ನು ಬಿಲ್ಲಿಗೆ ಹೆದರಿ ಮಾತ್ರ ಬರೆಯುವುದಲ್ಲ, ಹಿಂದಿರುವ ಡೇಟಾಬೇಸ್ ಎಷ್ಟು ತಡೆದೀತು ಎಂದು ಪರೀಕ್ಷಿಸಿ ಬರೆಯಬೇಕು.

ಗಡಿಯಾರಕ್ಕಿಂತ ಮುಂದೆ

ಹಾಟ್‌ಸ್ಟಾರ್‌ನ ಎಂಜಿನಿಯರ್‌ಗಳು ಆ ಸೆಮಿಫೈನಲ್ ಪಂದ್ಯದ ಬಗ್ಗೆ ಬಹಿರಂಗವಾಗಿ ಹೇಳಿರುವ ವಿವರಗಳು ಇಲ್ಲಿ ಉಪಯುಕ್ತ. ನಿಮಿಷಕ್ಕೆ 10 ಲಕ್ಷ ಹೊಸ ನೋಡುಗರು ಬರಬಹುದೆಂದು ಅವರು ಸಿದ್ಧರಾಗಿದ್ದರು. ಆ ವೇಗದಲ್ಲಿ ಸರ್ವರ್ ಐದು ನಿಮಿಷ ತಡ ಮಾಡಿದರೆ 50 ಲಕ್ಷ ಜನ ಬಾಗಿಲಲ್ಲಿ. ಹಾಗಾಗಿ ಅವರು ಸಿದ್ಧ ಆಟೋ ಸ್ಕೇಲಿಂಗನ್ನು ನೆಚ್ಚಲಿಲ್ಲ. ಇಷ್ಟು ನೋಡುಗರಿಗೆ ಇಷ್ಟು ಸರ್ವರ್ ಎಂದು ಮೊದಲೇ ಪರೀಕ್ಷೆ ನಡೆಸಿ ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಬರೆದಿಟ್ಟು, ಮುಂದಿನ ಮೆಟ್ಟಿಲಿನ ಯಂತ್ರಗಳನ್ನು ಮುಂಚಿತವಾಗಿಯೇ ಓಡಿಸಿಟ್ಟರು. ಇಳಿತವೂ ಸರಳವಾಗಿರಲಿಲ್ಲ. ವಿಕೆಟ್ ಬಿದ್ದಾಗ ಜನ ಆ್ಯಪ್ ಮುಚ್ಚುವುದಿಲ್ಲ, ಹಿಂದಕ್ಕೆ ಒತ್ತಿ ಮುಖಪುಟಕ್ಕೆ ಬರುತ್ತಾರೆ. ವಿಡಿಯೊ ಸರ್ವರ್‌ಗಳ ಹೊರೆ ಬಿದ್ದ ಕ್ಷಣದಲ್ಲೇ ಮುಖಪುಟದ ಸರ್ವರ್‌ಗಳ ಹೊರೆ ಚಿಮ್ಮುತ್ತದೆ. ಒಂದೇ ಅಳತೆಗೆ ಇಡೀ ಸೇವೆಯನ್ನು ಕಟ್ಟಿಹಾಕಿದ್ದರೆ ಎರಡನ್ನೂ ಒಟ್ಟಿಗೆ ಇಳಿಸಿ ಸಿಕ್ಕಿಬೀಳುತ್ತಿದ್ದರು.

ಹಲವು ಕಡೆ ದಟ್ಟಣೆಯ ಸಮಯ ಕ್ಯಾಲೆಂಡರ್‌ನಲ್ಲೇ ಇರುತ್ತದೆ. ರೈಲಿನ ತತ್ಕಾಲ್ ಟಿಕೆಟ್ ಎ.ಸಿ. ದರ್ಜೆಗಳಿಗೆ ಬೆಳಿಗ್ಗೆ 10ಕ್ಕೆ, ಉಳಿದವಕ್ಕೆ 11ಕ್ಕೆ ತೆರೆಯುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಗಳಿಗೆಯೂ ಮೊದಲೇ ಪ್ರಕಟವಾಗುತ್ತದೆ. ಇಂಥದ್ದಕ್ಕೆ ಸಿಪಿಯು ಏರುವವರೆಗೆ ಕಾಯುವುದು ದಡ್ಡತನ. ವೇಳಾಪಟ್ಟಿ ಹಾಕಿ ಅರ್ಧ ಗಂಟೆ ಮೊದಲೇ ಸರ್ವರ್‌ಗಳನ್ನು ಏರಿಸಿಟ್ಟರೆ ಸಾಕು.

ಇಷ್ಟೆಲ್ಲ ಮಾಡಿದರೂ ಗರಿಷ್ಠ ಅಂಕಿ ಮುಟ್ಟುವ ದಿನ ಬರಬಹುದು. ಆಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು? ಹಾಟ್‌ಸ್ಟಾರ್ ಅಂಥ ಸಂದರ್ಭಕ್ಕಾಗಿ, ನೋಡುಗರಿಗೆ ತಕ್ಕಂತೆ ಶಿಫಾರಸು ಮಾಡುವಂಥ ಸೇವೆಗಳನ್ನು ನಿಲ್ಲಿಸಿ ಪಂದ್ಯದ ವಿಡಿಯೊವನ್ನಷ್ಟೇ ಕಾಯ್ದುಕೊಳ್ಳುವ ಏರ್ಪಾಟನ್ನು ಇಟ್ಟುಕೊಂಡಿತ್ತು. ಫಲಿತಾಂಶದ ತಾಣವಾದರೆ ಚಿತ್ರ, ಜಾಹೀರಾತು, ಅಂಕಿಅಂಶದ ಪಟ್ಟಿಗಳನ್ನೆಲ್ಲ ಬಿಟ್ಟು ಅಂಕಗಳನ್ನಷ್ಟೇ ತೋರಿಸಬಹುದು. ಸರ್ವರ್‌ಗಳ ಎಣಿಕೆಯನ್ನು ಯಂತ್ರಕ್ಕೆ ವಹಿಸಬಹುದು. ಸಾಲದೇ ಹೋದಾಗ ಯಾವುದು ಮುಖ್ಯ ಎಂಬ ತೀರ್ಮಾನಕ್ಕೆ ಯಾವ ಕ್ಲೌಡ್ ಕಂಪನಿಯ ಪುಟದಲ್ಲೂ ಖಾನೆಯಿಲ್ಲ. ಅದನ್ನು ಸೇವೆ ನಡೆಸುವವರೇ, ದಟ್ಟಣೆ ಬರುವ ಮುಂಚೆ, ಕೂತು ಮಾತಾಡಿ ಬರೆದಿಡಬೇಕು.