ಸಫ್ದರ್‌ಜಂಗ್‌ನ ಪುಟ್ಟ ವಿಮಾನಗಳು

ದೆಹಲಿಯ ಕಿದ್ವಾಯಿ ನಗರದಿಂದ ಅರಬಿಂದೋ ಮಾರ್ಗ ಹಿಡಿದು ತುಸು ಉತ್ತರಕ್ಕೆ ಹೋದರೆ ಸಫ್ದರ್‌ಜಂಗ್ ವಿಮಾನ ನಿಲ್ದಾಣ ಸಿಗುತ್ತದೆ. ಭಾರತದಲ್ಲಿ ಹವ್ಯಾಸಕ್ಕಾಗಿ ವಿಮಾನ ಹಾರಿಸಿದವರ ಹಳೆಯ ನೆಲೆಗಳಲ್ಲಿ ಇದೂ ಒಂದು. ದೆಹಲಿ ಫ್ಲೈಯಿಂಗ್ ಕ್ಲಬ್ 1928ರಲ್ಲಿ ಹುಟ್ಟಿತು. ಸ್ವಾತಂತ್ರ್ಯಕ್ಕೆ ಮೊದಲು ವಿಲಿಂಗ್ಡನ್ ಏರ್‌ಫೀಲ್ಡ್ ಎನಿಸಿಕೊಂಡಿದ್ದ ಈ ಮೈದಾನವೇ ಅದರ ತವರು. ಅದೇ ಹೊತ್ತಿಗೆ ಮುಂಬಯಿ, ಕಲ್ಕತ್ತಾ, ಕರಾಚಿಗಳಲ್ಲೂ ಇಂಥ ಕ್ಲಬ್‌ಗಳು ತಲೆಯೆತ್ತಿದವು. ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಲೈಸೆನ್ಸ್ 1929ರ ಫೆಬ್ರುವರಿ 10ರಂದು ಜೆ.ಆರ್.ಡಿ. ಟಾಟಾ ಅವರ ಕೈಸೇರಿತು; ಅವರು ಕಲಿತದ್ದು ಮುಂಬಯಿ ಕ್ಲಬ್ಬಿನಲ್ಲಿ.

ಆಗ ಕ್ಲಬ್‌ಗಳಲ್ಲಿದ್ದದ್ದು ಒಂದೇ ಎಂಜಿನ್, ಎರಡೇ ಆಸನಗಳ ಮಾತ್ ವಿಮಾನಗಳು. ಸದಸ್ಯರು ಬಹುತೇಕ ಸಿರಿವಂತರು, ಅಧಿಕಾರಿಗಳು. ಆದರೂ ಸರ್ಕಾರ ನೆರವು ಕೊಡುತ್ತಿತ್ತು, ಏಕೆಂದರೆ ಅದಕ್ಕೆ ಪೈಲಟ್‌ಗಳು ಬೇಕಿದ್ದರು. ಶೋಕಿಗೂ ತರಬೇತಿಗೂ ಒಂದೇ ಹ್ಯಾಂಗರ್ ಎಂಬ ಈ ಏರ್ಪಾಡು ಭಾರತದ ಕ್ಲಬ್‌ಗಳನ್ನು ಮುಂದೆಯೂ ಬಿಡಲಿಲ್ಲ. ರಾಜೀವ್ ಗಾಂಧಿ ಇಂಡಿಯನ್ ಏರ್‌ಲೈನ್ಸ್ ಸೇರುವ ಮೊದಲು ಹಾರಲು ಕಲಿತದ್ದು ದೆಹಲಿ ಕ್ಲಬ್ಬಿನಲ್ಲೇ.

ಸ್ವಾತಂತ್ರ್ಯಾನಂತರ ಕ್ಲಬ್‌ಗಳಿಗೆ ವಿಮಾನ ಒದಗಿಸುವ ಭಾರವನ್ನು ಬೆಂಗಳೂರು ಹೊತ್ತುಕೊಂಡಿತು. ಅಲ್ಲಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಪುಷ್ಪಕ್ ಮೊದಲು ಹಾರಿದ್ದು 1958ರಲ್ಲಿ. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಿಗಿದ ಬಟ್ಟೆ, 90 ಅಶ್ವಶಕ್ತಿಯ ಎಂಜಿನ್; ಗುರು ಶಿಷ್ಯರಿಬ್ಬರೂ ಅಕ್ಕಪಕ್ಕ ಕೂರುವ ಅನುಕೂಲ. ನೂರಕ್ಕೂ ಹೆಚ್ಚು ಪುಷ್ಪಕ್‌ಗಳು ತಯಾರಾಗಿ ದೇಶದ ಕ್ಲಬ್‌ಗಳಿಗೆ ಹೋದವು. ಸಫ್ದರ್‌ಜಂಗ್‌ನಲ್ಲಿದ್ದ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರವೂ ಸುಮ್ಮನಿರದೆ ಅಶ್ವಿನಿ, ರೋಹಿಣಿ ಎಂಬ ಗ್ಲೈಡರ್‌ಗಳನ್ನು ರೂಪಿಸಿತು. ಗ್ಲೈಡರಿಗೆ ಎಂಜಿನ್ ಇಲ್ಲ. ನೆಲದ ಮೇಲಿನ ವಿಂಚ್ ತಂತಿ ಸೆಳೆದು ಅದನ್ನು ಮೇಲಕ್ಕೇರಿಸುತ್ತದೆ. ಆಮೇಲೆ ಕಾದ ನೆಲದಿಂದ ಏಳುವ ಬಿಸಿಗಾಳಿಯನ್ನು ಹುಡುಕಿಕೊಳ್ಳುವುದು ಹಾರುವವನ ಜಾಣ್ಮೆ. ದೆಹಲಿಯ ಉರಿಬೇಸಿಗೆಯನ್ನು ಮೆಚ್ಚುವವರು ಯಾರಾದರೂ ಇದ್ದರೆ ಗ್ಲೈಡರ್ ಹವ್ಯಾಸಿಗಳೇ ಇರಬೇಕು.

ಕ್ಲಬ್ಬಿನ ಕಲಿಕೆ ಬೋಧಕರ ಜೊತೆಗಿನ ಹಾರಾಟದಿಂದ ಆರಂಭವಾಗುತ್ತದೆ. ಟೇಕಾಫ್, ರನ್‌ವೇ ಸುತ್ತ ಒಂದು ಸುತ್ತು, ಲ್ಯಾಂಡಿಂಗ್: ಕೈ ಪಳಗುವವರೆಗೂ ಇದೇ ಪಾಠ. ಬೋಧಕರಿಗೆ ನಂಬಿಕೆ ಬಂದ ದಿನ ಶಿಷ್ಯ ಒಬ್ಬನೇ ಹಾರುತ್ತಾನೆ. ಈ ಮೊದಲ ಸೋಲೊ ಕ್ಲಬ್‌ಗಳಲ್ಲಿ ಸಣ್ಣ ಹಬ್ಬವೇ ಸರಿ. ಪ್ರೈವೇಟ್ ಪೈಲಟ್ ಲೈಸೆನ್ಸಿಗೆ 17 ವರ್ಷ ತುಂಬಿರಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ವೈದ್ಯಕೀಯ ತಪಾಸಣೆ, ಹವಾಮಾನ, ದಿಕ್ಕು ನಿರ್ಣಯ, ವಾಯುನಿಯಮಗಳ ಪರೀಕ್ಷೆ ಬೇರೆ. ಈ ಲೈಸೆನ್ಸ್ ಇಟ್ಟುಕೊಂಡು ಸಂಬಳಕ್ಕೆ ಹಾರಿಸುವಂತಿಲ್ಲ. ಅದಕ್ಕೆ ಕಮರ್ಷಿಯಲ್ ಲೈಸೆನ್ಸ್ ಬೇಕು, ಅಲ್ಲಿ ಲೆಕ್ಕ 200 ಗಂಟೆಗೇರುತ್ತದೆ. ಪ್ರತಿ ಗಂಟೆಗೂ ಹಣ ತೆರಬೇಕಾದ್ದರಿಂದ ಇಂದು ಕಲಿಯಲು ಬರುವವರಲ್ಲಿ ಬಹುಪಾಲು ಕೆಲಸದ ಆಸೆಯವರು. ಶುದ್ಧ ಹವ್ಯಾಸಿಗಳು ವಿರಳ.

ದೆಹಲಿ ಕ್ಲಬ್ಬಿನ ಹೆಸರು ದೇಶಕ್ಕೆಲ್ಲ ಕೇಳಿಸಿದ್ದು ದುರಂತವೊಂದರಿಂದ. 1980ರ ಜೂನ್ 23ರಂದು ರಾಜೀವ್ ಅವರ ತಮ್ಮ ಸಂಜಯ್ ಗಾಂಧಿ ಹಾರಿಸುತ್ತಿದ್ದ ಪಿಟ್ಸ್ ಎಸ್-2ಎ ವಿಮಾನ ಪಲ್ಟಿ ಹೊಡೆಯುವ ಕಸರತ್ತಿನಲ್ಲಿ ನೆಲಕ್ಕಪ್ಪಳಿಸಿ, ಅವರೂ ಜೊತೆಗಿದ್ದ ಕ್ಯಾಪ್ಟನ್ ಸುಭಾಷ್ ಸಕ್ಸೇನಾ ಅವರೂ ತೀರಿಕೊಂಡರು. ಕ್ಲಬ್ಬಿನ ಹಾರಾಟ ಅಷ್ಟಕ್ಕೇ ನಿಲ್ಲಲಿಲ್ಲ. ಅದನ್ನು ನಿಲ್ಲಿಸಿದ್ದು 2001ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಾದ ದಾಳಿಯ ನಂತರ ಬಿಗಿಯಾದ ಭದ್ರತೆ. ಪ್ರಧಾನಿಯ ನಿವಾಸ ಈ ನಿಲ್ದಾಣದಿಂದ ಕೂಗಳತೆಯಲ್ಲಿದೆ. ಈಗ ಅಲ್ಲಿ ವಿಮಾನಯಾನ ಸಚಿವಾಲಯದ ಕಚೇರಿಗಳಿವೆ, ಗಣ್ಯರ ಹೆಲಿಕಾಪ್ಟರುಗಳು ಇಳಿಯುತ್ತವೆ, ದೆಹಲಿಯ ಅಧಿಕೃತ ತಾಪಮಾನ ಅಳೆಯುವ ಹವಾಮಾನ ಕೇಂದ್ರವಿದೆ. ಕಲಿಯುವವರ ವಿಮಾನ ಮಾತ್ರ ಇಲ್ಲ.

ನಗರದ ನಡುವೆ ಇಕ್ಕಟ್ಟಿಗೆ ಸಿಲುಕಿದ್ದು ಸಫ್ದರ್‌ಜಂಗ್ ಒಂದೇ ಅಲ್ಲ. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ರನ್‌ವೇಗೂ ಬಳ್ಳಾರಿ ರಸ್ತೆಯ ಮೇಲ್ಸೇತುವೆ ಅಡ್ಡಬಂತು. ಆದರೆ ಹೊಸ ವಿಮಾನ ರೂಪಿಸುವ ಕೆಲಸ ನಿಂತಿಲ್ಲ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಎರಡು ಆಸನಗಳ ಹಂಸ 1993ರಲ್ಲಿ ಮೊದಲು ಹಾರಿ, ಹಂಸ-3 ರೂಪದಲ್ಲಿ 2000ದಲ್ಲಿ ಪ್ರಮಾಣಪತ್ರ ಪಡೆದು ಹಲವು ಫ್ಲೈಯಿಂಗ್ ಕ್ಲಬ್‌ಗಳನ್ನು ಸೇರಿತು. ಅದರ ಸುಧಾರಿತ ಮಾದರಿ ಹಂಸ-ಎನ್‌ಜಿ ಕೂಡ ತರಬೇತಿಗೆಂದೇ ಸಿದ್ಧವಾದದ್ದು.