ಬರೆದದ್ದೊಂದು, ಕರೆದದ್ದೊಂದು

ಇಂಗ್ಲಿಷ್ ಸಾಹಿತ್ಯ ಓದಿದ ವಿದ್ಯಾರ್ಥಿಗಳು ಕವಿ ಡಿಲನ್ ಥಾಮಸ್ ಹೆಸರನ್ನು ಬಲ್ಲರು. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನ ಸ್ವಾನ್ಸೀಯಲ್ಲಿ 1914ರಲ್ಲಿ ಹುಟ್ಟಿದ ಈತನ ಹೆಸರು ಅಲ್ಲಿಯ ವೆಲ್ಷ್ ಭಾಷೆಯಲ್ಲಿ 'ಡಿಲನ್' ಅಲ್ಲ, 'ಡಲನ್' ಎಂಬುದಕ್ಕೆ ಹತ್ತಿರ. ಹಾಗೆ ಕರೆದರೆ ಇತರ ಮಕ್ಕಳು 'ಡಲ್ ಒನ್', ಅಂದರೆ ಮಂಕ ಎಂದು ಛೇಡಿಸಿಯಾರೆಂದು ತಾಯಿಗೆ ಅಳುಕಿತ್ತು. ಮುಂದೆ ಕವಿಯೂ ರೇಡಿಯೋದಲ್ಲಿ ತನ್ನನ್ನು 'ಡಿಲನ್' ಎಂದೇ ಪರಿಚಯಿಸಬೇಕೆಂದು ಹೇಳಿದ.

ಅಲ್ಲಿಯ ತಾಯ್ತಂದೆಯರಿಗೆ ಈ ಅಳುಕು ಇಂದಿಗೂ ತಪ್ಪಿಲ್ಲ. 2021ರ ಜನಗಣತಿಯಂತೆ ವೇಲ್ಸಿನಲ್ಲಿ ಮೂರು ವರ್ಷ ತುಂಬಿದವರ ಪೈಕಿ ವೆಲ್ಷ್ ಬಲ್ಲವರು ಸುಮಾರು 5,38,000. ನೂರಕ್ಕೆ 18ರಷ್ಟೂ ಇಲ್ಲ. ಹೀಗಾಗಿ ಎಷ್ಟೋ ಊರುಗಳಲ್ಲಿ ಮಗುವಿನ ಹೆಸರನ್ನು ಓದುವವರು ಇಂಗ್ಲಿಷ್ ಮಾತ್ರ ಬಲ್ಲವರು.

ವೆಲ್ಷ್ ಅಷ್ಟು ಕಷ್ಟದ ಭಾಷೆಯೇ? ಹಾಗೇನಿಲ್ಲ. ಬರೆದಂತೆ ಓದುವ ಗುಣ ಇಂಗ್ಲಿಷಿಗಿಂತ ಅದಕ್ಕೇ ಹೆಚ್ಚು. ಎರಡಕ್ಕೂ ಲಿಪಿ ಒಂದೇ, ಧ್ವನಿ ಬೇರೆ. ತೊಡಕು ಇರುವುದು ಇಲ್ಲಿ. ವೆಲ್ಷ್‌ನಲ್ಲಿ ಒಂದು 'ಎಫ್' ಬರೆದರೆ 'ವ', ಎರಡು ಬರೆದರೆ 'ಫ'. 'ಎಸ್' ಮುಂದೆ 'ಐ' ಹಾಗೂ ಇನ್ನೊಂದು ಸ್ವರ ಬಂದರೆ 'ಶ'. ಆದ್ದರಿಂದ 'ಶಾನ್' ಎಂಬ ಹುಡುಗಿ ಹೊರಗಿನವರ ಬಾಯಲ್ಲಿ 'ಸಯಾನ್' ಆಗಿಬಿಡುತ್ತಾಳೆ. ಜೋಡಿ 'ಎಲ್' ಸೂಚಿಸುವ ಧ್ವನಿಯಂತೂ ಕನ್ನಡದಲ್ಲೂ ಇಲ್ಲ. 'ಲ' ಎನ್ನುವಂತೆ ನಾಲಿಗೆಯನ್ನು ಇಟ್ಟು, ಗಂಟಲಿನಿಂದ ನಾದ ಹೊರಡಿಸದೆ, ನಾಲಿಗೆಯ ಪಕ್ಕದಿಂದ ಗಾಳಿ ಊದಿ ನೋಡಿ. ಅದೇ ಆ ಧ್ವನಿ! ನಮಗೆ ಪರಿಚಿತವಾದ 'ಲಾಯ್ಡ್' ಎಂಬ ಹೆಸರಿನ ಮೂಲದಲ್ಲಿರುವುದೂ ಇದೇ. ಇಂಗ್ಲಿಷಿನವರು ಅದನ್ನು ಬರಿಯ 'ಲ' ಮಾಡಿಕೊಂಡರು.

ಹಾಗಾದರೆ ಹೆಸರನ್ನು ಆರಿಸುವುದು ಹೇಗೆ? ಎರಡೂ ಭಾಷೆಯವರು ಓದಿದಾಗ ಹೆಚ್ಚುಕಡಿಮೆ ಒಂದೇ ಧ್ವನಿ ಬರುವ ಹೆಸರುಗಳು ಬೇಕಾದಷ್ಟಿವೆ. ನಿಯಾ, ಮೆಗನ್, ಗರೆತ್ ಅಂಥವು. 'ಸೆರೆನ್' ಎಂದರೆ ನಕ್ಷತ್ರ. 'ಕರಿಸ್' ಬಂದದ್ದು ಪ್ರೀತಿಸು ಎಂಬ ಅರ್ಥದ ಪದದಿಂದ. ಅರ್ಥವೂ ಸೊಗಸು, ನಾಲಿಗೆಗೂ ಹಗುರ. ಆರಿಸಿದ ಹೆಸರನ್ನು ಕಾಗದದ ಮೇಲೆ ಬರೆದು, ವೆಲ್ಷ್ ಬಾರದವರೊಬ್ಬರಿಂದ ಓದಿಸಿ ನೋಡಿದರೆ ಸಂಶಯ ತೀರುತ್ತದೆ.

ಹಾಗೆಂದು ಕಷ್ಟದ ಹೆಸರುಗಳನ್ನು ಬಿಟ್ಟೇಬಿಡಬೇಕೆಂದಲ್ಲ. ಎಲ್ಲರೂ ಸುಲಭದ್ದನ್ನೇ ಆರಿಸಿದರೆ ಆ ಭಾಷೆಯ ವಿಶಿಷ್ಟ ಧ್ವನಿಗಳು ಮಕ್ಕಳ ಹೆಸರುಗಳಿಂದ ಮರೆಯಾಗುತ್ತವೆ. ಮಗು ತನ್ನ ಹೆಸರನ್ನು ಸಂಕೋಚವಿಲ್ಲದೆ ಹೇಳಿಕೊಡಲು ಕಲಿಯಲಿ. ಹಾಜರಿ ಕರೆಯುವ ನಮ್ಮಂಥ ಉಪಾಧ್ಯಾಯರು, ಯಾವ ನಾಡಿನವರೇ ಆಗಲಿ, ಮೊದಲ ದಿನವೇ ಕೇಳಿ ತಿಳಿದುಕೊಳ್ಳಲಿ. ಸರಿಯಾದ ಹೆಸರು ಕಲಿಯಲು ನಮಗೆ ಅರ್ಧ ನಿಮಿಷ ಸಾಕು. ತಪ್ಪು ಹೆಸರನ್ನು ಮಗು ವರ್ಷಗಟ್ಟಲೆ ಕೇಳಬೇಕಾಗುತ್ತದೆ.