ಬಟ್ಟೆ ಒಗೆತದಲ್ಲಿ ವಿನೆಗರ್: ಎಲ್ಲಿ ಹಿತ, ಎಲ್ಲಿ ಅಪಾಯ

ರಾಸಾಯನಿಕ ವಸ್ತುಗಳ ವಿಷಯದಲ್ಲಿ ಜನರಲ್ಲಿ ಮೂಡಿರುವ ಎಚ್ಚರವು ಸ್ವಾಗತಾರ್ಹವಾದುದು. ಅಡುಗೆಮನೆಯಲ್ಲಿ ಆರಂಭವಾದ ಈ ಎಚ್ಚರವು ಈಗ ಬಚ್ಚಲುಮನೆಯನ್ನೂ ಬಟ್ಟೆ ಒಗೆಯುವ ಕಲ್ಲನ್ನೂ ತಲುಪಿದೆ. ಚರ್ಮದ ತುರಿಕೆಗೆಂದು ನಮ್ಮಲ್ಲಿಗೆ ಬರುವ ತಾಯಂದಿರಲ್ಲಿ ಅನೇಕರು, "ಡಾಕ್ಟರೇ, ಸೋಪಿನ ಪುಡಿ ಬಿಟ್ಟು ಬರೀ ವಿನೆಗರ್‌ನಲ್ಲಿ ಬಟ್ಟೆ ಒಗೆದರೆ ನಡೆಯುತ್ತದೆಯೇ?" ಎಂದು ಕೇಳುತ್ತಾರೆ. ನಡೆಯುವುದಿಲ್ಲ ಎಂಬುದೇ ನಮ್ಮ ಉತ್ತರ. ವಿನೆಗರ್ ಸೋಪಿಗೆ ಬದಲಿಯಲ್ಲ. ಸೋಪು ತನ್ನ ಕೆಲಸ ಮುಗಿಸಿದ ಮೇಲೂ ಬಟ್ಟೆಯಲ್ಲಿ ಉಳಿಸಿಹೋಗುವ ಶೇಷವನ್ನು ತೆಗೆಯುವುದಕ್ಕೆ ಅದೊಂದು ಒಳ್ಳೆಯ ಸಾಧನ. ಈ ಭೇದವನ್ನು ಅರಿಯದೆ ಬಳಸಿದಲ್ಲಿ ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚು.

ಅಂಗಡಿಯಲ್ಲಿ ದೊರೆಯುವ ವಿನೆಗರ್‌ನಲ್ಲಿ ಇರುವುದು ನೂರಕ್ಕೆ 4ರಿಂದ 5ರಷ್ಟು ಅಸಿಟಿಕ್ ಆಮ್ಲ. ಉಳಿದುದು ಬಹುಪಾಲು ನೀರು. ಹುದುಗು ಬರಿಸಿ ತಯಾರಿಸಿದುದು ಒಂದು ಬಗೆ, ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿ ಮಾಡಿದ ಕೃತಕ ವಿನೆಗರ್ ಇನ್ನೊಂದು ಬಗೆ. ಎರಡನೆಯದರ ಸೀಸೆಯ ಮೇಲೆ ಅದು ಕೃತಕವೆಂದು ನಮೂದಿಸಿರಲೇಬೇಕು. ಬಟ್ಟೆಯ ಮಟ್ಟಿಗೆ ಇವೆರಡರಲ್ಲಿ ವ್ಯತ್ಯಾಸವಿಲ್ಲವಾದ್ದರಿಂದ "ನೈಸರ್ಗಿಕ" ಎಂಬ ಪದಕ್ಕಾಗಿ ಹೆಚ್ಚು ಹಣ ತೆರಬೇಕಾದ ಅಗತ್ಯವಿಲ್ಲ. ಬಣ್ಣವಿಲ್ಲದ ಬಿಳಿ ವಿನೆಗರ್ ಆಗಿದ್ದರೆ ಸಾಕು. ಸೇಬಿನ ವಿನೆಗರ್, ಬೆಲ್ಲದ ವಿನೆಗರ್ ಮೊದಲಾದವು ಬಿಳಿಯ ಬಟ್ಟೆಗೆ ಕಲೆ ಹಿಡಿಸಬಹುದು. ಕೈಗಾರಿಕೆಗಳಿಗೆಂದು ಮಾರುವ ಗಾಢ ಅಸಿಟಿಕ್ ಆಮ್ಲವನ್ನಂತೂ ಮನೆಗೆ ತರಲೇಬಾರದು. ಅದು ಚರ್ಮವನ್ನು ಸುಡುತ್ತದೆ.

ಹುಳಿಯಿಸಿದ ದ್ರವಗಳು ಆಯುರ್ವೇದಕ್ಕೆ ಹೊಸತಲ್ಲ. ಶುಕ್ತ, ಕಾಂಜಿಕ, ಧಾನ್ಯಾಮ್ಲ ಎಂಬ ಹೆಸರುಗಳಲ್ಲಿ ಅವು ಗ್ರಂಥಗಳಲ್ಲಿ ವರ್ಣಿತವಾಗಿವೆ. ಪ್ರಸ್ತುತ ವಿಷಯಕ್ಕೆ ತೀರ ಹತ್ತಿರವಾದ ಒಂದು ವಿಚಾರವು ಸುಶ್ರುತ ಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿದೆ. ಕ್ಷಾರಕರ್ಮವನ್ನು ವಿವರಿಸುವ ಆ ಅಧ್ಯಾಯದಲ್ಲಿ ಆಚಾರ್ಯರು, ಕ್ಷಾರ ಹಚ್ಚಿದ ಸ್ಥಳವನ್ನು ಆಮ್ಲದ್ರವ್ಯಗಳಿಂದ ಶಮನಗೊಳಿಸಬೇಕೆಂದು ವಿಧಿಸುತ್ತಾರೆ. ಹುಳಿಯೂ ತೀಕ್ಷ್ಣವೇ, ಉಷ್ಣವೇ ಆಗಿರುವಾಗ ಅದು ಕ್ಷಾರವನ್ನು ತಣಿಸುವುದೆಂತು ಎಂಬ ಪ್ರಶ್ನೆಯನ್ನು ಎತ್ತಿ, ಕ್ಷಾರದಲ್ಲಿರುವ ಲವಣರಸವು ಆಮ್ಲದೊಡನೆ ಕೂಡಿದಾಗ ತೀಕ್ಷ್ಣತೆಯನ್ನು ತೊರೆದು ಮಾಧುರ್ಯವನ್ನು ಹೊಂದುತ್ತದೆ ಎಂದು ಸಮಾಧಾನವನ್ನೂ ನೀಡುತ್ತಾರೆ. ಇಂದಿನ ರಸಾಯನಶಾಸ್ತ್ರವು ತಟಸ್ಥೀಕರಣ ಎನ್ನುವುದು ಇದನ್ನೇ. (ಇದನ್ನು ಓದಿ, ಕಾಸ್ಟಿಕ್ ಸೋಡಾದಂಥ ವಸ್ತು ಮೈಮೇಲೆ ಬಿದ್ದಾಗ ಯಾರೂ ವಿನೆಗರ್ ಸುರಿಯಲು ಹೋಗಬಾರದು. ಆಗ ಮಾಡಬೇಕಾದುದು ಧಾರಾಳ ನೀರು ಹರಿಸಿ ತೊಳೆಯುವುದು, ಆಸ್ಪತ್ರೆಗೆ ಹೋಗುವುದು.)

ಆರೋಗ್ಯವಂತ ಚರ್ಮದ ಹೊರಪದರವು ತುಸು ಆಮ್ಲಗುಣವುಳ್ಳದ್ದು; ಅದರ ಪಿಎಚ್ ಸುಮಾರು 5ರ ಆಸುಪಾಸು. ಬಟ್ಟೆ ಸೋಪಿನ ನೀರಿನದು 9ರಿಂದ 10. ಒಗೆಯುವ ಪುಡಿಗಳದು ಅದಕ್ಕೂ ಮೇಲೆ. ಸರಿಯಾಗಿ ಜಾಲಿಸದ ಬಟ್ಟೆಯಲ್ಲಿ ಈ ಕ್ಷಾರಶೇಷ ಉಳಿದು, ಬೆವರು ಸೋಕಿದಾಗ ಕರಗಿ ಚರ್ಮಕ್ಕೆ ತಾಗುತ್ತದೆ. ಕಂಕುಳು, ತೊಡೆಸಂದು, ಲಂಗದ ಲಾಡಿ ಬಿಗಿಯುವ ಸೊಂಟ, ಎಳೆಗೂಸಿನ ಲಂಗೋಟಿಯ ಜಾಗ, ಇವು ಅದರ ಉಪದ್ರವ ಮೊದಲು ಕಾಣಿಸಿಕೊಳ್ಳುವ ಸ್ಥಾನಗಳು.

ಬಯಲುಸೀಮೆಯ ಕೊಳವೆಬಾವಿಯ ನೀರು ಈ ತೊಂದರೆಯನ್ನು ಇಮ್ಮಡಿಗೊಳಿಸುತ್ತದೆ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಬ್ಯೂರೋ ಲೀಟರಿಗೆ 200 ಮಿಲಿಗ್ರಾಂ ಎಂಬ ಮಿತಿಯನ್ನು ಹೇಳಿ, ಬೇರೆ ಜಲಮೂಲವಿಲ್ಲದ ಕಡೆ 600ರವರೆಗೆ ವಿನಾಯಿತಿ ನೀಡಿದೆ. ಇಂತಹ ನೀರಿನಲ್ಲಿರುವ ಸುಣ್ಣದಂಶವು ಸೋಪಿನೊಡನೆ ಕೂಡಿ, ನೊರೆ ಬರಗೊಡದೆ, ಜಿಗುಟಾದ ಕೆನೆಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಬಿಳಿಯ ಧೋತರ ಬೂದಿಬಣ್ಣಕ್ಕೆ ತಿರುಗುವುದು, ಟವೆಲ್ಲು ಹಲಗೆಯಂತೆ ಸೆಟೆದುಕೊಳ್ಳುವುದು ಇದರಿಂದಲೇ. ನೊರೆ ಬರಲಿಲ್ಲವೆಂದು ಮನೆಯವರು ಇನ್ನಷ್ಟು ಪುಡಿ ಸುರಿಯುತ್ತಾರೆ. ಶೇಷ ಇನ್ನಷ್ಟು ಹೆಚ್ಚುತ್ತದೆ.

ವಿನೆಗರ್ ನೆರವಾಗುವುದು ಇಲ್ಲಿ. ಬಟ್ಟೆಯನ್ನು ಎಂದಿನಂತೆ ಸೋಪಿನಲ್ಲಿ ಒಗೆದು, ಎರಡು ಸಲ ಒಳ್ಳೆಯ ನೀರಿನಲ್ಲಿ ಜಾಲಿಸಿ, ಕೊನೆಯ ಸಲ ಹದಿನೈದು ಲೀಟರ್ ಹಿಡಿಯುವ ಬಕೆಟ್ಟಿಗೆ ಸುಮಾರು 100 ಮಿ.ಲೀ. ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಐದು ನಿಮಿಷ ಅದ್ದಿಟ್ಟು ಹಿಂಡಿ ಹರವಬೇಕು. ನೀರು ಗಡಸಾಗಿದ್ದಷ್ಟೂ ಆಮ್ಲದ ಒಂದು ಪಾಲು ಆ ನೀರಿನಲ್ಲಿಯೇ ಖರ್ಚಾಗುವುದರಿಂದ ಅಳತೆಯನ್ನು ಸ್ವಲ್ಪ ಏರಿಸಬಹುದು. ಒಣಗಿದ ಮೇಲೆ ವಾಸನೆ ಉಳಿಯುವುದಿಲ್ಲ. ಸೀಸೆ ಇಲ್ಲದಿದ್ದರೆ ಮೂರು ನಿಂಬೆಹಣ್ಣಿನ ರಸವನ್ನು ಬಟ್ಟೆಯಲ್ಲಿ ಸೋಸಿ ಬಳಸಿದರೂ ಕೆಲಸ ಆಗುತ್ತದೆ. ಸೋಪಿನ ನೀರಿಗೇ ವಿನೆಗರ್ ಹಾಕುವುದು ಮಾತ್ರ ಸರ್ವಥಾ ತಪ್ಪು. ಹುಳಿ ತಾಗಿದೊಡನೆ ಸೋಪು ಒಡೆದು, ಜಿಡ್ಡಾಗಿ ಬಟ್ಟೆಗೆ ಮೆತ್ತುತ್ತದೆ. ಅಡುಗೆ ಸೋಡಾವನ್ನೂ ವಿನೆಗರನ್ನೂ ಒಟ್ಟಿಗೆ ಹಾಕಿ ಬುರುಗು ಬರಿಸುವುದು ನೋಟಕ್ಕೆ ಚೆನ್ನ. ಒಂದು ಕ್ಷಾರ, ಒಂದು ಆಮ್ಲ. ಪರಸ್ಪರ ತಣಿಸಿಕೊಂಡು ಎರಡೂ ನಿಷ್ಪ್ರಯೋಜಕವಾಗುತ್ತವೆ.

ರೇಷ್ಮೆಗೆ ಈ ಕೊನೆಯ ಹುಳಿನೀರು ವಿಶೇಷ ಹಿತಕರ. ರೇಷ್ಮೆ ಪ್ರಾಣಿಜನ್ಯ ನೂಲು. ಕ್ಷಾರ ಅದನ್ನು ಕೆಡಿಸುತ್ತದೆ, ಮಂದವಾದ ಆಮ್ಲವನ್ನು ಅದು ತಾಳಿಕೊಳ್ಳುತ್ತದೆ. ಹೊಸ ರೇಷ್ಮೆ ಸೀರೆಯ ನೆರಿಗೆಯಲ್ಲಿ ಕೇಳಿಬರುವ ಸರಸರ ಸದ್ದು ಸಹ ಅಂಟು ತೆಗೆದ ರೇಷ್ಮೆಯನ್ನು ದುರ್ಬಲ ಆಮ್ಲದಲ್ಲಿ ಅದ್ದಿ ತೆಗೆಯುವುದರಿಂದ ಬರುವಂಥದು. ನಮ್ಮ ಹಿರಿಯರು ರೇಷ್ಮೆಗೆ ಚೌಳು ಮಣ್ಣನ್ನು ತಾಗಿಸದೆ ಅಂಟುವಾಳದ ನೊರೆಯನ್ನು ಬಳಸುತ್ತಿದ್ದುದರ ಹಿಂದೆ ಇದೇ ಅನುಭವವಿದೆ. ಜರಿಯಿರುವ ಸೀರೆಗೆ ಮಾತ್ರ ಹುಳಿ ಬೇಡ, ಲೋಹ ಕಪ್ಪಿಟ್ಟೀತು. ಹತ್ತಿಯ ಹೊಸ ಬಟ್ಟೆಯ ಬಣ್ಣ ಬಿಡದಂತೆ ವಿನೆಗರ್ ತಡೆಯುತ್ತದೆ ಎಂಬುದೊಂದು ನಂಬಿಕೆ. ಅದಕ್ಕೆ ಆಧಾರವಿಲ್ಲ.

ನಾವು ಹೆಚ್ಚು ಒತ್ತಿ ಹೇಳಬೇಕಾದ ಮಾತು ರೋಗದ ಬಟ್ಟೆಗಳದು. ವಿನೆಗರ್ ರೋಗಾಣುಗಳನ್ನು ಕೊಲ್ಲುತ್ತದೆಂದು ತಿಳಿದು, ದದ್ರು ಅಥವಾ ಹುಳುಕಡ್ಡಿಯಾದ ಮನೆಯಲ್ಲಿ ಸೋಪನ್ನೇ ಬಿಟ್ಟವರುಂಟು. ಬಕೆಟ್ಟಿನ ನೀರಿನಲ್ಲಿ ಕರಗಿದ ಅಷ್ಟು ತೆಳುವಾದ ಹುಳಿಯಿಂದ ಆ ಶಿಲೀಂಧ್ರ ಸಾಯುವುದಿಲ್ಲ. ಹಿಂದೆ ಮಡಿವಾಳರು ಚೌಳು ಮಣ್ಣಿನ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಹಂಡೆಯ ಹಬೆಯಲ್ಲಿ ಉಬ್ಬೆ ಹಾಕಿ, ಬಡಿದು, ಉರಿಬಿಸಿಲಿನಲ್ಲಿ ಹರವುತ್ತಿದ್ದರು. ಕ್ಷಾರ, ಹಬೆ, ಬಿಸಿಲು ಸೇರಿದ ಆ ಕ್ರಮವು ಕೊಳೆಯೊಂದಿಗೆ ರೋಗವನ್ನೂ ತೊಳೆಯುತ್ತಿತ್ತು. ಕಲ್ಯಾಣದ ಮಡಿವಾಳ ಮಾಚಿದೇವರ ಕಾಯಕವನ್ನು ಸ್ಮರಿಸುವ ನಾವು ಅದರ ಈ ಮುಖವನ್ನೂ ಗಮನಿಸತಕ್ಕದ್ದು. ಹುಳುಕಡ್ಡಿಯಿದ್ದವರ ಒಳಬಟ್ಟೆ, ಟವೆಲ್ಲು, ಹಾಸಿಗೆ ಬಟ್ಟೆಗಳನ್ನು ಪ್ರತ್ಯೇಕವಾಗಿ, 60 ಡಿಗ್ರಿಯಷ್ಟು ಬಿಸಿಯಾದ ನೀರಿನಲ್ಲಿ ಸೋಪು ಹಾಕಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಒಣಗಿಸಿ, ಹೊಲಿಗೆಗಳ ಮೇಲೆ ಬಿಸಿ ಇಸ್ತ್ರಿ ಹಾಯಿಸಬೇಕು. ಕಜ್ಜಿಯ ಬಟ್ಟೆಗಳಿಗೂ ಇದೇ ಕ್ರಮ. ಬಿಸಿನೀರು ತಾಳದ ಕಂಬಳಿಯಂಥವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಇಟ್ಟರೆ ಕಜ್ಜಿಯ ಹುಳು ಆಹಾರವಿಲ್ಲದೆ ಸಾಯುತ್ತದೆ. ಅಂಚು ಉಬ್ಬಿದ ದುಂಡನೆಯ ಕಲೆಗಳಿದ್ದರೆ ಅದು ಸೋಪಿನ ಶೇಷದಿಂದಾದುದಲ್ಲ. ಔಷಧಿ ಅಂಗಡಿಯಿಂದ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ತುರಿಕೆ ನಾಲ್ಕು ದಿನ ತಗ್ಗಿ ರೋಗ ಮೈತುಂಬ ಹರಡುತ್ತದೆ. ಆದಕಾರಣ ವೈದ್ಯರಿಗೆ ತೋರಿಸುವುದು ಅನಿವಾರ್ಯ.

ಜೀವಕ್ಕೇ ಎರವಾಗಬಲ್ಲ ತಪ್ಪು ಇನ್ನೊಂದಿದೆ. ಬ್ಲೀಚಿಂಗ್ ಪೌಡರನ್ನಾಗಲಿ, ಬಿಳಿಯ ಬಟ್ಟೆಗೆ ಬಳಸುವ ಬ್ಲೀಚ್ ದ್ರವವನ್ನಾಗಲಿ ವಿನೆಗರಿನೊಡನೆ ಎಂದಿಗೂ ಬೆರೆಸಬಾರದು. ಬೆರೆತ ಕ್ಷಣವೇ ಕ್ಲೋರಿನ್ ಅನಿಲ ಹೊರಬೀಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಕಿಟಕಿಯಿಲ್ಲದ ಸಣ್ಣ ಬಚ್ಚಲಿನಲ್ಲಿ ಇದರ ಸ್ವಲ್ಪ ಪ್ರಮಾಣವೂ ಕಣ್ಣು ಉರಿಸಿ, ಉಸಿರು ಕಟ್ಟಿಸುತ್ತದೆ. ಉಬ್ಬಸದವರಿಗೆ ಇನ್ನೂ ಘೋರ. ಶೌಚಾಲಯ ತೊಳೆಯುವ ಆಸಿಡ್ಡಿನೊಂದಿಗೆ ಬ್ಲೀಚ್ ಸೇರಿದರೂ ಇದೇ ಪರಿಣಾಮ. ಎರಡೂ ಬೇಕೆನಿಸಿದರೆ ಬ್ಲೀಚಿನ ಬಟ್ಟೆಗೆ ಅಂದು ವಿನೆಗರ್ ಬೇಡ. ಅಕಸ್ಮಾತ್ ಬೆರೆತರೆ ಬಕೆಟ್ಟನ್ನು ಅಲ್ಲಿಯೇ ಬಿಟ್ಟು ಎಲ್ಲರೂ ಹೊರಗೆ ಗಾಳಿಗೆ ಬರಬೇಕು, ಕಣ್ಣುಗಳನ್ನು ನೀರಿನಿಂದ ತೊಳೆಯಬೇಕು. ಕೆಮ್ಮು, ಎದೆಬಿಗಿತ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕಲಬುರಗಿ ಸೀಮೆಯ ಮನೆಗಳಲ್ಲಿ ಒಗೆಯುವ ಜಾಗಕ್ಕೆ ಹಾಸಿರುವುದು ಸಾಮಾನ್ಯವಾಗಿ ಶಹಾಬಾದಿ ಕಲ್ಲು. ಅದು ಸುಣ್ಣದ ಕಲ್ಲಾದುದರಿಂದ ವಿನೆಗರ್ ಬಿದ್ದರೆ ಸಣ್ಣಗೆ ನೊರೆಯೆದ್ದು ಮೇಲ್ಮೈ ಸವೆಯುತ್ತದೆ. ಸೀಸೆಯಿಂದ ನೇರವಾಗಿ ನೆಲಕ್ಕೆ ಚೆಲ್ಲದೆ ಬಕೆಟ್ಟಿನ ನೀರಿಗೇ ಅಳೆದು ಹಾಕಿರಿ. ಒಗೆತ ಮುಗಿದ ಮೇಲೆ ಕಲ್ಲಿನ ಮೇಲೆ ಎರಡು ಚೊಂಬು ನೀರು ಹೊಯ್ಯಿರಿ. ಯಂತ್ರದಲ್ಲಿ ಒಗೆಯುವವರು ಅದರ ರಬ್ಬರಿನ ಭಾಗಗಳಿಗೆ ಆಮ್ಲ ಹಿಡಿಸುವುದೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಂಡು, ಹೊಂದದಿದ್ದರೆ ಕೊನೆಯ ಜಾಲಿಸುವಿಕೆಯನ್ನು ಬಕೆಟ್ಟಿನಲ್ಲಿಯೇ ಮಾಡಿಕೊಳ್ಳಬಹುದು.